ಮೊದಲ ಗಿಟಾರ್ ಯಾವುದಿರಲಿ?

ಕೇಳುಗರೇ, ನಮಸ್ಕಾರ.

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ, ಗಿಟಾರ್ ಕಲಿಸುವ ನನ್ನ ಹತ್ತಿರ ಬಳ್ಳಾರಿಯ ಅಪ್ಪ-ಅಮ್ಮಂದಿರು ಬಂದು ಕೇಳುವ ಪ್ರಶ್ನೆ ಒಂದೇ. ‘ಹುಡುಗಿ ಗಿಟಾರ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅಕೌಸ್ಟಿಕ್ಕೋ, ಎಲೆಕ್ಟ್ರಿಕ್ಕೋ?’ ನಾನು ಬಾಯಿ ತೆರೆಯುವ ಮೊದಲೇ ಉತ್ತರವೂ ಅವರಿಂದಲೇ ಬರುತ್ತದೆ. ‘ಮೊದಲು ಅಕೌಸ್ಟಿಕ್‌ನಲ್ಲಿ ಬೆರಳು ಗಟ್ಟಿ ಆಗಲಿ. ಎಲೆಕ್ಟ್ರಿಕ್ ಆಮೇಲೆ ನೋಡಿದರಾಯಿತು, ಅಲ್ವಾ?’

ಹಾಗೇನೂ ಇಲ್ಲ. ತನ್ನ ಮರದ ಪೆಟ್ಟಿಗೆಯಿಂದಲೇ ಸದ್ದು ಕೊಡುವುದು ಅಕೌಸ್ಟಿಕ್, ಕರೆಂಟಿನ ಆಂಪ್ಲಿಫೈಯರ್ ಮೂಲಕ ಜೋರಾಗುವುದು ಎಲೆಕ್ಟ್ರಿಕ್. ಎರಡಕ್ಕೂ ಆರೇ ತಂತಿ, ಅದೇ ಶ್ರುತಿ, ಅದೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಬರುತ್ತದೆ. ನಾನು ಮೊದಲು ಮಗುವನ್ನೇ ಕೇಳುತ್ತೇನೆ, ದಿನಾ ಕೇಳೋದು ಯಾವ ಹಾಡು ಅಂತ. ಹಾಡಿಕೊಂಡು ಜೊತೆಗೆ ನುಡಿಸುವ ಆಸೆ ಇದ್ದರೆ, ಚರ್ಚಿನ ಕ್ವಾಯರ್‌ನಲ್ಲಿ ಕೂರುವ ಮನಸ್ಸಿದ್ದರೆ, ಅಕೌಸ್ಟಿಕ್. ತಂತಿ ಎಳೆದು ಸ್ವರ ಬಾಗಿಸುವ ರಾಕ್ ಹುಚ್ಚು ಇದ್ದರೆ ಎಲೆಕ್ಟ್ರಿಕ್. ಇಷ್ಟವಿಲ್ಲದ ಸದ್ದನ್ನು ವರ್ಷಗಟ್ಟಲೆ ‘ಅಡಿಪಾಯ’ ಅಂತ ಯಾಕೆ ನುಡಿಸಬೇಕು?

ಬೆರಳಿನ ವಿಷಯ ಮಾತ್ರ ಸುಮ್ನೆ ಅಲ್ಲ. ಅಕೌಸ್ಟಿಕ್‌ಗೆ ಸಾಮಾನ್ಯವಾಗಿ 12ರ ಸೆಟ್ಟು ಹಾಕುತ್ತಾರೆ, ಅಂದರೆ ಅತಿ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಪಾಲು. ಎಲೆಕ್ಟ್ರಿಕ್‌ಗೆ 9 ಅಥವಾ 10ರ ಸೆಟ್ಟು. ಶ್ರುತಿಗೆ ತಂದಾಗ 12ರ ಸೆಟ್ಟಿನ ಆರೂ ತಂತಿ ಸೇರಿ 70 ಕೆ.ಜಿ.ಗಿಂತ ಜಾಸ್ತಿ ಬಿಗಿತ ಹೊತ್ತಿರುತ್ತವೆ. 9ರ ಸೆಟ್ಟಿನಲ್ಲಿ ಅದು ಸುಮಾರು 38 ಕೆ.ಜಿ. ಹತ್ತು ವರ್ಷದ ಮಗುವಿನ ಬೆರಳಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಅಕೌಸ್ಟಿಕ್ಕೇ ಬೇಕೆಂದರೆ 10ರ ಸೆಟ್ಟು ಹಾಕಿಸಿ. ಅಥವಾ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ನೋಡಿ. ಅದು ಮೆತ್ತಗೆ, ಆದರೆ ಅದರ ಕತ್ತು ಅಗಲ, ಪುಟ್ಟ ಕೈಗೆ ಅದೇ ಕಷ್ಟ.

ನನ್ನ ಕೇಳಿದರೆ, ಮಕ್ಕಳು ಗಿಟಾರನ್ನು ಮೂಲೆಗೆ ನಿಲ್ಲಿಸುವುದಕ್ಕೆ ಅಕೌಸ್ಟಿಕ್ ಆಗಲಿ ಎಲೆಕ್ಟ್ರಿಕ್ ಆಗಲಿ ಕಾರಣ ಅಲ್ಲ. ಕಾರಣ ತಂತಿಯ ಎತ್ತರ. ಅಂಗಡಿಗೆ ಹೋಗುವಾಗ ಕಂಪಾಸ್ ಬಾಕ್ಸಿನ ಸ್ಕೇಲ್ ಜೇಬಿಗೆ ಹಾಕಿಕೊಳ್ಳಿ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ, ಅವೇ ಫ್ರೆಟ್. ಹನ್ನೆರಡನೇ ಫ್ರೆಟ್ಟಿನ ಹತ್ತಿರ ಸಾಮಾನ್ಯವಾಗಿ ಎರಡು ಚುಕ್ಕೆ ಇರುತ್ತವೆ. ಅಲ್ಲಿ ಫ್ರೆಟ್ಟಿಗೂ ದಪ್ಪ ತಂತಿಗೂ ನಡುವೆ ಎಷ್ಟು ಸಂದು ಇದೆ ನೋಡಿ. ಅಕೌಸ್ಟಿಕ್‌ಗೆ ಎರಡೂವರೆ ಮಿಲಿಮೀಟರ್ ಸರಿ, ಎಲೆಕ್ಟ್ರಿಕ್‌ಗೆ ಎರಡರ ಆಸುಪಾಸು. ಅಕೌಸ್ಟಿಕ್‌ನಲ್ಲಿ ನಾಲ್ಕು ಇದ್ದರೆ ಅಂಗಡಿಯವರು ಎಷ್ಟೇ ಹೊಗಳಲಿ, ಹಾಗೇ ಮನೆಗೆ ತರಬೇಡಿ. ಅಂಥ ಗಿಟಾರಿನಲ್ಲಿ ಒಂದು ತಾಸು ಕೂತ ಮಗುವಿನ ಬೆರಳ ತುದಿ ನೋಡಿ. ಗೆರೆ ಕೊರೆದು ಕೆಂಪಾಗಿರುತ್ತದೆ, ಸ್ವರ ಮಾತ್ರ ಇನ್ನೂ ಗರಗರ ಅನ್ನುತ್ತಿರುತ್ತದೆ. ತೋರುಬೆರಳನ್ನು ಅಡ್ಡ ಮಲಗಿಸಿ ಒತ್ತುವ ಎಫ್ ಕಾರ್ಡ್ ಬಂದ ದಿನ ಆ ಮಗು ಕಲಿಕೆಗೇ ಕೈ ಮುಗಿಯುತ್ತದೆ.

ಗಿಟಾರಿನ ಮೈ ಮೇಲೆ ತಂತಿಗಳು ಕೂರುವ ಜಾಗ ಬ್ರಿಡ್ಜ್. ಎಲೆಕ್ಟ್ರಿಕ್‌ನಲ್ಲಿ ಅದರ ಸಣ್ಣ ಸ್ಕ್ರೂ ತಿರುಗಿಸಿ ತಂತಿ ಇಳಿಸಬಹುದು. ಮನೆಯಲ್ಲೇ ಆಗುವ ಕೆಲಸ. ಅಕೌಸ್ಟಿಕ್‌ನಲ್ಲಿ ಸ್ಯಾಡಲ್ ಅನ್ನುವ ಬಿಳಿ ಪಟ್ಟಿಯನ್ನು ಹೊರತೆಗೆದು, ಅದರ ತಳವನ್ನು ಉಜ್ಜಬೇಕು. ಅಲ್ಲಿ 1 ಮಿ.ಮೀ. ಉಜ್ಜಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ಇಳಿಯುವುದು ಅರ್ಧ ಮಿ.ಮೀ. ಅಷ್ಟೇ. ಹೆಚ್ಚು ಉಜ್ಜಿದರೆ ಹೊಸ ಸ್ಯಾಡಲ್ಲೇ ಗತಿ. ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಇದ್ದುಕೊಂಡು ಗಿಟಾರ್ ರಿಪೇರಿಯವರನ್ನು ಹುಡುಕುವುದಕ್ಕಿಂತ, ಕೊಳ್ಳುವ ದಿನವೇ ಅಂಗಡಿಯಲ್ಲಿ ಕೂತು ಈ ಕೆಲಸ ಮಾಡಿಸಿಕೊಳ್ಳಿ.

ಇನ್ನು ಕರೆಂಟು. ಎಲೆಕ್ಟ್ರಿಕ್ ಗಿಟಾರಿನ ತಂತಿ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸಾವಿರಾರು ಸುತ್ತು. ಉಕ್ಕಿನ ತಂತಿ ಅಲುಗಿದರೆ ಆ ತಾಮ್ರದ ಸುತ್ತಿನಲ್ಲಿ ಚೂರು ಕರೆಂಟು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ಗಿಟಾರಿನ ಜೊತೆ ಆಂಪ್ಲಿಫೈಯರ್, ಕೇಬಲ್ ಖರ್ಚೂ ಸೇರಿಸಿಕೊಳ್ಳಿ. ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಕರೆಂಟು ತಯಾರಾಗುವ ಸೀಮೆ ನಮ್ಮದು. ಆದರೂ ಗಾಳಿ-ಮಳೆ ಬಂದರೆ ಲೈಟು ಹೋಗುತ್ತದೆ, ಏನು ಮಾಡೋದು! ಹೋದರೂ ಅಭ್ಯಾಸ ನಿಲ್ಲಬೇಕಿಲ್ಲ. ಆಂಪ್ಲಿಫೈಯರ್ ಇಲ್ಲದಿದ್ದರೂ ನುಡಿಸುವವರ ಕಿವಿಗೆ ಕೇಳುವಷ್ಟು ಸದ್ದು ಅದಕ್ಕಿದೆ. ಕರೆಂಟು ಇದ್ದಾಗ ಆಂಪ್ಲಿಫೈಯರ್‌ಗೆ ಹೆಡ್‌ಫೋನ್ ಹಾಕಿದರೆ ರಾತ್ರಿ ಪಕ್ಕದ ಮನೆಯವರಿಗೂ ತೊಂದರೆ ಇಲ್ಲ.

ಕರೆಂಟು ಹೋಗುವುದಕ್ಕಿಂತ ನನಗೆ ಭಯ ಅರ್ಥಿಂಗ್‌ನದ್ದು. ಸಾಮಾನ್ಯವಾಗಿ ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬ್ರಿಡ್ಜ್, ಕೇಬಲ್, ಆಂಪ್ಲಿಫೈಯರ್ ಮೂಲಕ ಗೋಡೆಯ ಅರ್ಥ್‌ಗೆ ಸೇರಿರುತ್ತವೆ. ಮೂರನೇ ಪಿನ್ ಮುರಿದು ಎರಡೇ ಪಿನ್ನಿನಲ್ಲಿ ಹಾಕಿದರೆ ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಜಾಸ್ತಿಯಾಗುತ್ತದೆ. ಅದನ್ನು ಸಹಿಸಬಹುದು. ಆದರೆ ತಂತಿ ಹಿಡಿದುಕೊಂಡೇ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯಬಹುದು, ಜೀವಕ್ಕೇ ಅಪಾಯ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಂಪ್ಲಿಫೈಯರ್ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಿ.

ಬಿಸಿಲು ಅಕೌಸ್ಟಿಕ್‌ಗೂ ಶತ್ರು. ಇಡಿ ಮರದ ಹಲಗೆ ಹಾಕಿದ ಗಿಟಾರಿನ ನಾದ ಚೆಂದ, ಆದರೆ ರಾಯಚೂರಿನ ಒಣ ಬಿಸಿಯಲ್ಲಿ ಹಲಗೆ ಕುಗ್ಗಿ ಬಿರುಕು ಬಿಡುವ ಭಯ. ಪದರ ಪದರವಾಗಿ ಅಂಟಿಸಿದ ಪ್ಲೈ ಹಲಗೆ ಹೆಚ್ಚು ತಾಳಿಕೊಳ್ಳುತ್ತದೆ, ಬೆಲೆಯೂ ಕಡಿಮೆ. ಕಲಿಯುವವರಿಗೆ ನಾನು ಅದನ್ನೇ ಹೇಳುವುದು. ತಗಡಿನ ಮನೆಯ ಅಟ್ಟದ ಮೇಲೆ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಇಡಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಕಿತ್ತು ಬರಬಹುದು. ಕೂಲರಿನ ಎದುರಿಗೂ ಬೇಡ, ತಂತಿ ತುಕ್ಕು ಹಿಡಿಯುತ್ತದೆ. ಇನ್ನೊಂದು ಮಾತು, ಬಳ್ಳಾರಿ ಜೀನ್ಸ್‌ಗೆ ಹೆಸರುವಾಸಿ ಊರು. ಆ ಜೀನ್ಸಿನ ಲೋಹದ ಗುಂಡಿಯೇ ಗಿಟಾರಿನ ಬೆನ್ನು ಗೀರುವುದು, ಅಂಗಿ ಇಳಿಬಿಟ್ಟು ಕೂರಲು ಹೇಳಿ.

ಕಡೆಗೆ ಅಂಗಡಿಯವರು ಪಿಕಪ್, ಅಂದರೆ ಸದ್ದನ್ನು ಆಂಪ್ಲಿಫೈಯರ್‌ಗೆ ಕಳಿಸುವ ಸಾಧನ, ಕೂರಿಸಿದ ಅಕೌಸ್ಟಿಕ್ ತೋರಿಸಿ ‘ಇದರಲ್ಲಿ ಎರಡೂ ಇದೆ’ ಅನ್ನುತ್ತಾರೆ. ಎರಡೂ ಇಲ್ಲ. ಅದು ಜೋರಾಗಿ ಕೇಳುವ ಅಕೌಸ್ಟಿಕ್, ತಂತಿ ಅಷ್ಟೇ ಬಿಗಿ. ವೇದಿಕೆ ಹತ್ತುವವರೆಗೆ ಅದರ ಅಗತ್ಯ ಇಲ್ಲ. ಆ ದುಡ್ಡಿಗೆ ಶ್ರುತಿ ಸರಿಯಿದೆಯಾ ಅಂತ ತೋರಿಸುವ ಒಂದು ಕ್ಲಿಪ್ ಟ್ಯೂನರ್, ಎರಡು ಸೆಟ್ಟು ತಂತಿ ತನ್ನಿ. ಅತಿ ಸಣ್ಣ ತಂತಿ ಒಂದೊಂದು ಜಾಸ್ತಿಯೇ ಇರಲಿ, ಹೆಚ್ಚಾಗಿ ಮೊದಲು ಹರಿಯುವುದು ಅದೇ.

ನಮಸ್ಕಾರ.