ಮಂಜುಗಡ್ಡೆಯ ಚಿತ್ರ, ನೀರಿನ ಕಾಟ

ಕೇಳುಗರಿಗೆ ನಮಸ್ಕಾರ.

ಮಂಜುಗಡ್ಡೆಯ ಫೋಟೋ ತೆಗೆಯಲು ಹೊರಟವರು ಚಳಿಗೆ ಹೆದರುತ್ತಾರೆ. ಹೆದರಬೇಕಾದದ್ದು ನೀರಿಗೆ. ಮೈನಸ್ 10 ಡಿಗ್ರಿಯ ಒಣ ಚಳಿಯಲ್ಲಿ ಕ್ಯಾಮೆರಾ ಮೇಲೆ ಬಿದ್ದ ಹಿಮವನ್ನು ಬ್ರಷ್‌ನಿಂದ ಕೊಡವಿದರೆ ಸಾಕು. ಸೊನ್ನೆಯ ಆಸುಪಾಸಿನಲ್ಲಿ ಹಾಗಲ್ಲ. ಅರ್ಧ ಹೆಪ್ಪುಗಟ್ಟಿದ ಜಲಪಾತ ತುಂತುರು ಎರಚುತ್ತಲೇ ಇರುತ್ತದೆ, ಹಿಮನದಿಯ ಗುಹೆಯ ಚಾವಣಿ ತೊಟ್ಟಿಕ್ಕುತ್ತದೆ. ಆ ನೀರು ಕ್ಯಾಮೆರಾದ ಸಂದಿಗೆ ಇಳಿಯುತ್ತದೆ. ಗಾಳಿ ಬೀಸಿದರೆ ಅಲ್ಲೇ ಗಟ್ಟಿಯಾಗುತ್ತದೆ.

ವೆದರ್ ಸೀಲ್, ಅಂದರೆ ಸಂದಿಗಳಲ್ಲಿ ತೇವ ತಡೆಯುವ ರಬ್ಬರ್ ಪಟ್ಟಿ, ಇದೆ ಎಂದು ನೆಮ್ಮದಿಯಾಗಿರಬೇಡಿ. ಅದು ವಾಟರ್‌ಪ್ರೂಫ್ ಅಲ್ಲ. ದಪ್ಪ ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಕತ್ತರಿಸಿ, ಲೆನ್ಸಿನ ತುದಿಗೆ ಹಾಕುವ ಹುಡ್ ಅದರೊಳಗಿಂದ ಹೊರಬರುವಂತೆ ಮಾಡಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಲೆನ್ಸನ್ನು ಅಲ್ಲಿ ಬದಲಿಸಲೇಬೇಡಿ. ಉದ್ದಕ್ಕೆ ಚಾಚುವ ಜೂಮ್ ಲೆನ್ಸ್ ಪ್ರತಿ ಸಲ ಹಿಗ್ಗಿದಾಗಲೂ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಅದನ್ನು ಸುಮ್ಮನೆ ತಿರುಗಿಸುತ್ತಿರಬೇಡಿ.

ಹೆಚ್ಚು ಚಿತ್ರ ಕೆಡುವುದು ಲೆನ್ಸಿನ ಮುಂಗಾಜಿನಿಂದ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮೈಕ್ರೋಫೈಬರ್ ಬಟ್ಟೆ ನಾಲ್ಕೈದಾದರೂ ಇರಲಿ. ನೆನೆದ ಬಟ್ಟೆ ಹನಿಯನ್ನು ಹೀರದೆ ಬಳಿಯುತ್ತದೆ. ಮೊದಲು ಒತ್ತಿ ನೀರು ಹೀರಿಸಿ, ಆಮೇಲೆ ಒರೆಸಿ. ಬಾಯಿಂದ ಊದಿದರೆ ಉಸಿರಿನ ತೇವ ಗಾಜಿನ ಮೇಲೆ ಮಂಜಾಗಿ ಕೂರುತ್ತದೆ, ರಬ್ಬರ್ ಬ್ಲೋವರ್ ಬಳಸಿ. ಟ್ರೈಪಾಡ್ ಮೇಲಿದ್ದರೆ 2 ಸೆಕೆಂಡಿನ ಟೈಮರ್ ಹಾಕಿ, ಶಟರ್ ಬೀಳುವ ತನಕ ಬಟ್ಟೆಯನ್ನು ಲೆನ್ಸಿಗೆ ಅಡ್ಡ ಹಿಡಿದು ಕೊನೆ ಗಳಿಗೆಯಲ್ಲಿ ಸರಿಸಿ. ನಗೆ ತರಿಸುವ ಉಪಾಯ, ಆದರೆ ಕೆಲಸಕ್ಕೆ ಬರುತ್ತದೆ.

ಫ್ಲ್ಯಾಶ್ ಬೇಡ. ತುಂತುರಿನ ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಮೂಡುತ್ತದೆ. ಅದರ ಬದಲು ಒಂದು ಟಾರ್ಚನ್ನು ಮಂಜುಗಡ್ಡೆಯ ಹಿಂದೆ ಓರೆಯಾಗಿಡಿ, ಒಳಗಿನ ಗುಳ್ಳೆ, ಬಿರುಕು ಎಲ್ಲ ಎದ್ದು ಕಾಣುತ್ತವೆ. ತಿಳಿಯಾದ ಗಡ್ಡೆಯಲ್ಲಿ ಆಟೋ ಫೋಕಸ್ ತಡಕಾಡುವುದು ಸಾಮಾನ್ಯ; ಪರದೆಯಲ್ಲಿ ಹಿಗ್ಗಿಸಿ ನೋಡಿ, ಒಂದು ಗುಳ್ಳೆಗೆ ಕೈಯಾರೆ ಫೋಕಸ್ ಮಾಡಿ. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿ, ಎಫ್ 8ರಿಂದ 11 ಸಾಕು. ಬೆಳ್ಳನೆ ಹಿಮ ತುಂಬಿದ ಚೌಕಟ್ಟನ್ನು ಕ್ಯಾಮೆರಾದ ಬೆಳಕಳೆಯುವ ಮೀಟರ್ ಬೂದು ಮಾಡುತ್ತದೆ, ಬೆಳಕನ್ನು ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚಿಸಿ; ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು. ಆದರೆ ಗುಹೆಯ ಕಡುನೀಲಿಗೆ ಈ ಲೆಕ್ಕ ಹೊಂದದು. ಅಲ್ಲಿ ಚಿತ್ರದ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿಯೇ ನಿರ್ಧರಿಸಿ. ದಪ್ಪ ಗಡ್ಡೆ ಕೆಂಪು ಬೆಳಕನ್ನು ಹೀರುವುದರಿಂದ ಆ ನೀಲಿ ಬರುತ್ತದೆ. ಬಣ್ಣವನ್ನು ತಾನೇ ಸರಿತೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ತಿಳಿದು ತೊಳೆದುಬಿಡಬಹುದು. ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್‌ಗೆ, ಅಂದರೆ ಹಗಲು ಬೆಳಕಿನ ಬಣ್ಣಕ್ಕೆ, ನಿಲ್ಲಿಸಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲಿ ತೆಗೆಯಿರಿ.

ತೂಗುವ ಗಡ್ಡೆಗಳ ಅಡಿಯಲ್ಲಿ ನಿಲ್ಲಬೇಡಿ, ದೂರದಿಂದ 200 ಮಿಲಿಮೀಟರ್ ಲೆನ್ಸ್ ಸಾಕು. ಬೂಟಿಗೂ ಟ್ರೈಪಾಡ್ ಕಾಲಿಗೂ ಮುಳ್ಳು ಬೇಕು. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ತಣ್ಣಗಾಗಿ ಸೋತದ್ದು ಬೆಚ್ಚಗಾದ ಮೇಲೆ ಇನ್ನಷ್ಟು ಹೊತ್ತು ನಡೆಯುತ್ತದೆ.

ವಾಪಸಾಗುವಾಗಲೂ ಎಚ್ಚರ ಬೇಕು. ತಣ್ಣನೆ ಕ್ಯಾಮೆರಾವನ್ನು ಬೆಚ್ಚನೆ ಕೋಣೆಗೆ ತಂದರೆ ಮೈಯೆಲ್ಲ, ಒಳಗೂ, ನೀರು ಕಟ್ಟುತ್ತದೆ. ಹೊರಗಿರುವಾಗಲೇ ಮೇಲಿನ ನೀರು ಒರೆಸಿ, ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಕೋಣೆಯ ಬಿಸಿಗೆ ಬರುವವರೆಗೆ ಒಂದೆರಡು ಗಂಟೆ ಹಾಗೇ ಬಿಡಿ. ಮುಚ್ಚುವ ಮೊದಲು ಮೆಮೊರಿ ಕಾರ್ಡ್ ಹೊರತೆಗೆದಿಟ್ಟುಕೊಳ್ಳಿ. ಇಲ್ಲವಾದರೆ ಚಿತ್ರ ನೋಡುವ ಆತುರಕ್ಕೆ ಹತ್ತೇ ನಿಮಿಷದಲ್ಲಿ ಚೀಲ ಬಿಚ್ಚುತ್ತೀರಿ.