ಅದೇ ನೀರು, ಬೇರೆ ಊಟ

ಓರ್ಕಾ, ಅಂದರೆ ಕಿಲ್ಲರ್ ವೇಲ್, ನೋಡಲು ಹೋದ ವಿಡಿಯೊ ಇದು. ಸ್ಥಳದಲ್ಲಿ ಮಾತಾಡಿದ್ದೆಲ್ಲ ಗಾಳಿಗೆ ಹೋಗಿದೆ. ಹಾಗಾಗಿ ಮನೆಗೆ ಬಂದು ಮತ್ತೆ ಹೇಳುತ್ತಿದ್ದೇನೆ.

ಇದು ವಾಷಿಂಗ್ಟನ್ ರಾಜ್ಯದ ಸಾನ್ ವಾನ್ ದ್ವೀಪ, ಲೈಮ್ ಕಿಲ್ನ್ ಪಾಯಿಂಟ್. ಅನಕಾರ್ಟಿಸ್‌ನಿಂದ ಫೆರಿ ಹಿಡಿದು ಬಂದೆವು. ಲೈಟ್‌ಹೌಸ್ ಪಕ್ಕದ ಬಂಡೆ ಮೇಲೆ ಕೂತು ಮೊಸರನ್ನದ ಡಬ್ಬಿ ಬಿಚ್ಚಿದರೆ, ಎದುರಿಗೆ ಕೆನಡಾ ದಡ.

ನೋಡಿ, ಮೂರು ಓರ್ಕಾ! ನನ್ನ ಕಿರುಚಾಟ ನಿಮಗೂ ಕೇಳಿಸಿರಬೇಕು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬೈನಾಕ್ಯುಲರ್ ಇಳಿಸಿ, "ಇವು ಬಿಗ್ಸ್" ಅಂದರು. ಅಂದರೆ ನಾನು ನೋಡಲು ಬಂದವು ಇವಲ್ಲ.

ಬಿಗ್ಸ್ ಅನ್ನುವ ಬಗೆಯ ಓರ್ಕಾಗಳು ಸೀಲ್ ಅನ್ನುವ ಕಡಲ ಪ್ರಾಣಿಗಳನ್ನು ತಿನ್ನುತ್ತವೆ. ಹೊಟ್ಟೆ ತುಂಬಿದೆ, ಸಂಖ್ಯೆಯೂ ಏರುತ್ತಿದೆ. ನಾನು ನೋಡಲು ಬಂದಿದ್ದ, ಇದೇ ನೀರಿನ ಸದರ್ನ್ ರೆಸಿಡೆಂಟ್ ಅನ್ನುವ ಗುಂಪಿನ ಓರ್ಕಾಗಳು ಮೀನು ತಿನ್ನುವವು, ಅದರಲ್ಲೂ ಚಿನೂಕ್ ಸಾಲ್ಮನ್. ಅವು ಉಳಿದಿರುವುದು ಎಪ್ಪತ್ತು ಚಿಲ್ಲರೆ ಮಾತ್ರ. ಸೀಲ್ ತಿಂದು ಬದುಕಬಹುದಲ್ವಾ ಅಂತ ನನಗೂ ಅನ್ನಿಸಿತು. ಆದರೆ ಏನು ತಿನ್ನಬೇಕು ಅನ್ನುವುದು ಇವುಗಳಿಗೆ ಅಮ್ಮ, ಅಜ್ಜಿಯಿಂದ ಬಂದ ಪಾಠ. ಅನ್ನ ಬಡಿಸದಿದ್ದರೆ ಊಟವೇ ಆಗಿಲ್ಲ ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ, ಇರಲಿ.

ಚಿನೂಕ್ ಕಡಿಮೆಯಾಗಿದ್ದು ನದಿಗಳಿಗೆ ಅಣೆಕಟ್ಟು ಬಿದ್ದು, ಮೊಟ್ಟೆಯಿಡುವ ಜಾಗ ಹಾಳಾಗಿ, ನಾವು ಜಾಸ್ತಿ ಹಿಡಿದು. ಮೀನು ಸಿಗದಿದ್ದಾಗ ಓರ್ಕಾ ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಆ ಕೊಬ್ಬಿನಲ್ಲಿ ಪಿಸಿಬಿ ಅನ್ನುವ ವಿಷಕಾರಿ ರಾಸಾಯನಿಕ ಕೂತಿದೆ. ಅಮೆರಿಕ ಅದರ ತಯಾರಿಕೆಯನ್ನು 1979ರಲ್ಲೇ ನಿಷೇಧಿಸಿತ್ತು, ಆದರೂ ಅದು ಇನ್ನೂ ಹೋಗಿಲ್ಲ. ಕೊಬ್ಬು ಕರಗಿದಾಗ ರಕ್ತಕ್ಕೆ ಬರುತ್ತದೆ, ಹಾಲಿನಲ್ಲಿ ಮರಿಗೂ ಹೋಗುತ್ತದೆ.

ಈ ಗುಂಪಿನ ತಾಲೆಕ್ವಾ ಅನ್ನುವ ತಾಯಿ ಓರ್ಕಾದ ಸುದ್ದಿ ನೀವು ಓದಿರಬಹುದು. 2018ರಲ್ಲಿ ಅದರ ಮರಿ ಹುಟ್ಟಿ ಅರ್ಧ ಗಂಟೆಯಲ್ಲೇ ಸತ್ತಿತು. 17 ದಿನ ಅದು ಮರಿಯನ್ನು ಮೂತಿಯ ಮೇಲೆ ಹೊತ್ತು ಈಜಿತು. 2025ರ ಜನವರಿಯಲ್ಲಿ, ಸತ್ತ ಮತ್ತೊಂದು ಮರಿಯನ್ನೂ ಹೊತ್ತುಕೊಂಡು ತಿರುಗಿತು. ಇದನ್ನು ಹೇಳುವಾಗ ಎರಡು ಸಲ ರೆಕಾರ್ಡಿಂಗ್ ನಿಲ್ಲಿಸಿದೆ.

ಹಿಂದೆ ಹಿಡಿದು ಮಾರಿದ್ದೂ ಇದೆ. 1960–70ರ ದಶಕಗಳಲ್ಲಿ ಅಕ್ವೇರಿಯಂಗಳಿಗಾಗಿ ಇವುಗಳ ಮರಿಗಳನ್ನು ಬಲೆ ಹಾಕಿ ಒಯ್ದರು. ಇಂದು ಅಜ್ಜಿಯರಾಗಬೇಕಿದ್ದವು ಆ ಮರಿಗಳೇ.

ಸಂಜೆ ನೀರಿನೊಳಗಿನ ಮೈಕ್‌ನ ಸದ್ದನ್ನು ಫೋನಿನಲ್ಲಿ ಹಾಕಿಕೊಂಡೆ. ಓರ್ಕಾ ಕ್ಲಿಕ್ ಕ್ಲಿಕ್ ಅಂತ ಸದ್ದು ಮಾಡಿ, ಅದರ ಪ್ರತಿಧ್ವನಿಯಿಂದಲೇ ಮೀನು ಹುಡುಕುತ್ತದೆ. ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಎಂಜಿನ್. ಕಂಟೇನರ್ ಹಡಗೊಂದು ಹೋಗುತ್ತಿತ್ತು. ದೋಣಿಗಳು ಈ ಓರ್ಕಾಗಳಿಂದ ಸುಮಾರು 900 ಮೀಟರ್ ದೂರ ಇರಬೇಕು ಅಂತ 2025ರಿಂದ ಇಲ್ಲಿ ನಿಯಮವಿದೆ. ಸದ್ದಿಗೆಲ್ಲಿಯ ದೂರ?

ಅಷ್ಟರಲ್ಲಿ ವಾಪಸ್ ಫೆರಿಗೆ ಹೊತ್ತಾಯಿತು. ಅದೂ ಎಂಜಿನ್ನೇ.