ಹೊಸ ಚೈನ್ ಹಾಕಿಸಿದ ಮೇಲೂ ಗುಂಯ್ ಅಂತದಾ? ಒಮ್ಮೆ ಚೈನಿನ ಪ್ಲೇ ನೋಡಿ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆ ಇದು. ಬೈಕಿಗೆ ಹೊಸ ಚೈನ್ ಬಿದ್ದಿದೆ, ಸ್ವಲ್ಪ ಸದ್ದು ಕೇಳಿ. ವೇಗ ನಲ್ವತ್ತು ದಾಟಿದ ಕೂಡಲೇ ಕೆಳಗಿಂದ ಗುಂಯ್ ಅಂತ ಒಂದೇ ಸಮ ಬರ್ತಾ ಉಂಟಲ್ಲ, ಅದು. ಹೊಸ ಚೈನ್ ಅಲ್ವಾ, ಓಡಿ ಓಡಿ ಸರಿಯಾಗ್ತದೆ ಅಂತ ಹೆಚ್ಚಿನವರು ಬಿಟ್ಟುಬಿಡ್ತಾರೆ. ಈ ಸದ್ದು ಓಡಿದರೆ ಹೋಗುವಂಥದ್ದಲ್ಲ. ಚೈನನ್ನು ಬಿಗಿದದ್ದು ಹೆಚ್ಚಾಗಿದೆ.

ಚೈನ್ ಲೂಸ್ ಇದ್ದರೆ ಯಾರಿಗಾದರೂ ಗೊತ್ತಾಗ್ತದೆ. ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮಿಗೆ ಬಡಿಯುತ್ತದೆ, ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಗಾಡಿ ಜಗ್ಗುತ್ತದೆ. ಟೈಟ್ ಇದ್ದರೆ ಮಾತ್ರ ಕೈಗೆ ಗಟ್ಟಿ ಸಿಗುತ್ತದೆ, ಕೆಲಸ ನೀಟಾಗಿದೆ ಅಂತ ಅನ್ನಿಸುತ್ತದೆ. ಹಾಳು ಮಾಡುವುದರಲ್ಲಿ ಇದೇ ಮುಂದೆ.

ಯಾಕೆ ಅಂತ ಈ ಶಾಟ್‌ನಲ್ಲಿ ನೋಡಿ. ಮುಂದಿನ ಚಿಕ್ಕ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಅದರ ಹಿಂದೆ ಸ್ವಿಂಗ್ ಆರ್ಮ್ ತಿರುಗುವ ಬೋಲ್ಟ್, ಕೊನೆಗೆ ಹಿಂದಿನ ಚಕ್ರದ ಆಕ್ಸಲ್. ಗಾಡಿ ಖಾಲಿ ನಿಂತಾಗ ಈ ಮೂರೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಹಿಂದೆ ಒಬ್ಬರು ಕೂತು, ಮೇಲಿಂದ ಒಂದು ಗೋಣಿ ಅಡಿಕೆ ಇಟ್ಟು, ಗಾಡಿ ಗುಂಡಿಗೆ ಇಳಿದಾಗ ಶಾಕ್ ಅಬ್ಸಾರ್ಬರ್ ಅದುಮಿ ಮೂರೂ ಒಂದೇ ಗೆರೆಗೆ ಬರುತ್ತವೆ. ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಅತಿ ಹೆಚ್ಚಾಗುವುದು ಆ ಕ್ಷಣದಲ್ಲಿ. ಚೈನಿಗೆ ಹಿಗ್ಗಲು ಜಾಗ ಇಲ್ಲದಿದ್ದರೆ ಆ ಎಳೆತ ಪೂರ್ತಿ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗಿನ ಮೇಲೆ ಬೀಳುತ್ತದೆ. ಮುಂದಿನ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಒಸರುವುದು, ಹಿಂದಿನ ಚಕ್ರದ ಬೇರಿಂಗ್ ಹೋಗುವುದು, ಎಲ್ಲ ಇದರಿಂದ. ಚೈನ್ ಉಳಿಸಲು ಹೋಗಿ ಎಂಜಿನ್ ಬಿಚ್ಚಿಸುವ ಖರ್ಚು.

ಈಗ ಅಳೆಯುವ. ಎಂಜಿನ್ ಆಫ್, ಕೀ ಹೊರಗೆ, ಗೇರ್ ನ್ಯೂಟ್ರಲ್. ಎಂಜಿನ್ ಚಾಲೂ ಇಟ್ಟು ಚಕ್ರ ತಿರುಗಿಸಿ ಚೈನ್ ಮುಟ್ಟುವ ಅಭ್ಯಾಸ ಕೆಲವರಿಗೆ ಉಂಟು, ಬೆರಳು ಹೋಗುವುದು ಹಾಗೇ. ಕೆಳಗಿನ ಚೈನಿನ ನಟ್ಟ ನಡುವೆ ಸ್ಕೇಲ್ ಹಿಡಿದು, ಒಂದು ಬೆರಳಿನಿಂದ ಕೆಳಕ್ಕೆ ಒತ್ತಿ, ಮತ್ತೆ ಮೇಲಕ್ಕೆ ಎತ್ತಿ. ಒಟ್ಟು ಆಡುವುದು ಎಷ್ಟು, ಅದೇ ಪ್ಲೇ. 100ರಿಂದ 150 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್. ನಿಮ್ಮ ಗಾಡಿಯ ಅಳತೆ ಮ್ಯಾನುವಲ್‌ನಲ್ಲೋ ಸ್ವಿಂಗ್ ಆರ್ಮಿನ ಸ್ಟಿಕ್ಕರ್‌ನಲ್ಲೋ ಇರುತ್ತದೆ, ಸೈಡ್ ಸ್ಟ್ಯಾಂಡಾ ಸೆಂಟರ್ ಸ್ಟ್ಯಾಂಡಾ ಅನ್ನುವುದೂ ಅಲ್ಲೇ. ಚಕ್ರ ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ. ಅತಿ ಟೈಟ್ ಇರುವ ಕಡೆಯ ಲೆಕ್ಕವೇ ಲೆಕ್ಕ. ಹೊಸ ಚೈನಿನಲ್ಲೂ ಒಂದು ಕಡೆ ಟೈಟು, ಇನ್ನೊಂದು ಕಡೆ ಲೂಸು ಅಂತಾದರೆ ಹಿಂದಿನ ಸ್ಪ್ರಾಕೆಟ್ ಸರಿಯಾಗಿ ಕೂತಿಲ್ಲ. ಅದು ಕೂರುವ ಚಕ್ರದ ಹಬ್ಬಿನ ಮೇಲೆ ಹಳೆ ಮಣ್ಣು ಅಂಟಿದೆಯಾ, ನಟ್ಟುಗಳು ಸಮ ಬಿಗಿದಿದೆಯಾ ನೋಡಿ.

ಇನ್ನು ಸಡಿಲಿಸುವುದು. ಆಕ್ಸಲ್ ನಟ್ ಕಳಚದಂತೆ ಅಡ್ಡ ಹಾಕಿದ ಸ್ಪ್ಲಿಟ್ ಪಿನ್ ತೆಗೆದು ನಟ್ ಲೂಸ್ ಮಾಡಿ. ಸ್ಪ್ಲೆಂಡರ್ ಥರದ ಗಾಡಿಗಳಲ್ಲಿ ಚೈನ್ ಬದಿಯ ಸ್ಲೀವ್ ನಟ್ಟನ್ನೂ ಲೂಸ್ ಮಾಡಬೇಕು, ಇಲ್ಲದಿದ್ದರೆ ಚಕ್ರ ಅಲುಗುವುದಿಲ್ಲ. ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಕಾಲು ಸುತ್ತಿನ ಹಾಗೆ ಸಮ ಸಮ ತಿರುಗಿಸಿ. ಕೆಲಸ ಕೆಡುವುದು ಇಲ್ಲೇ: ಅಡ್ಜಸ್ಟರ್ ಮಾತ್ರ ಸಡಿಲಿಸಿದರೆ ಸಾಲದು, ಚಕ್ರವನ್ನು ಮುಂದಕ್ಕೆ ದೂಡಬೇಕು. ದೂಡದಿದ್ದರೆ ಅಡ್ಜಸ್ಟರ್ ನೇತಾಡುತ್ತಾ ಇರುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಸ್ವಿಂಗ್ ಆರ್ಮಿನ ಎರಡೂ ಬದಿಯ ಗುರುತಿನ ಗೆರೆ ಒಂದೇ ಅಂಕಕ್ಕೆ ಬರಲಿ. ಗೆರೆಯನ್ನು ಪೂರ್ತಿ ನಂಬಬೇಡಿ. ಹಿಂದಿನಿಂದ ಬಗ್ಗಿ ಚೈನಿನ ಉದ್ದಕ್ಕೆ ಒಂದು ಕಣ್ಣಲ್ಲಿ ನೋಡಿ, ಸ್ಪ್ರಾಕೆಟ್ ಬಿಟ್ಟು ಬರುವಲ್ಲಿ ಚೈನ್ ಸೊಟ್ಟಗಾಗಬಾರದು. ಹಲ್ಲಿನ ಒಂದೇ ಬದಿ ಹೊಳೆಯುತ್ತಿದ್ದರೆ ಚಕ್ರ ಓರೆಯಾಗಿದೆ.

ನಟ್ ಬಿಗಿಯುವ ಮೊದಲು ಒಂದು ಬಟ್ಟೆ ಸುತ್ತಿ ಕೆಳಗಿನ ಚೈನು ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಇಟ್ಟು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಬಟ್ಟೆ ಸಿಕ್ಕಿಕೊಂಡು ಆಕ್ಸಲ್ ಅಡ್ಜಸ್ಟರಿಗೆ ಒತ್ತಿ ನಿಲ್ಲುತ್ತದೆ. ಬೆರಳು ದೂರ ಇರಲಿ. ಬಿಗಿದ ಮೇಲೆ ಮತ್ತೆ ಅಳೆಯಿರಿ, ಸಾಮಾನ್ಯವಾಗಿ ಪ್ಲೇ ಸ್ವಲ್ಪ ಕಮ್ಮಿಯಾಗಿರುತ್ತದೆ. ಸ್ಪ್ಲಿಟ್ ಪಿನ್ ಹೊಸತೇ ಹಾಕಿ. ಡ್ರಮ್ ಬ್ರೇಕ್ ಆದರೆ ಚಕ್ರ ಸರಿದದ್ದರಿಂದ ಪೆಡಲ್ ಪ್ಲೇ ಬದಲಾಗಿರುತ್ತದೆ, ಬ್ರೇಕ್ ರಾಡಿನ ನಟ್ ಸರಿ ಮಾಡದೆ ಹೊರಡಬೇಡಿ.

ಅಡ್ಜಸ್ಟರ್ ನಿಂತ ಜಾಗವೂ ಒಂದು ವಿಷಯ ಹೇಳುತ್ತದೆ. ಹೊಸ ಚೈನಿಗೆ ಚಕ್ರ ಪೂರ್ತಿ ಹಿಂದೆ ಹೋಗಿ ನಿಂತಿದ್ದರೆ, ಚೈನಿನಲ್ಲಿ ಲಿಂಕ್ ಹೆಚ್ಚಿದೆ, ಕತ್ತರಿಸದೆ ಹಾಕಿದ್ದಾರೆ. ಪೂರ್ತಿ ಮುಂದೆ ತಂದರೂ ಟೈಟ್ ಆದರೆ ಲಿಂಕ್ ಕಮ್ಮಿ, ಅದನ್ನು ಅಡ್ಜಸ್ಟ್ ಮಾಡುವ ದಾರಿಯಿಲ್ಲ. ಪಕ್ಕದ ಪ್ಲೇಟಿನ ಮೇಲಿನ ನಂಬರನ್ನೂ ನೋಡಿ. ಸಣ್ಣ ಗಾಡಿಗಳಿಗೆ ಹೆಚ್ಚಾಗಿ 428, ಡ್ಯೂಕ್ 390 ಥರದ್ದಕ್ಕೆ 520. 420ಕ್ಕೂ 428ಕ್ಕೂ ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ದೂರ) ಒಂದೇ, 12.7 ಮಿಲಿಮೀಟರ್, ಆದರೆ 420ರ ಒಳ ಅಗಲ ಕಮ್ಮಿ, 428ರ ಹಲ್ಲಿನ ಮೇಲೆ ಕೂರುವುದಿಲ್ಲ.

ಜೂಮ್ ಮಾಡಿ ತೋರಿಸುವಂಥದ್ದು ಒಂದು ಉಂಟು, ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಲಿಂಕ್. ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಮೇಲಿನ ಚೈನಿನಲ್ಲಿ ನೋಡಿದರೆ ಮುಂದಿನ ಚಕ್ರದ ಕಡೆ. ತಿರುಗಿಸಿ ಹಾಕಿದರೆ ಒಂದು ಕಲ್ಲೋ ಕಡ್ಡಿಯೋ ತಾಗಿ ಬಾಯಿ ತೆರೆದು ಹಾರುತ್ತದೆ. ಕ್ಲಿಪ್ ಎರಡೂ ಪಿನ್ನಿನ ಕಚ್ಚಿಗೆ ಪೂರ್ತಿ ಇಳಿದಿರಲಿ. ಓ ರಿಂಗ್ ಚೈನಾದರೆ (ಒಳಗಿನ ಗ್ರೀಸ್ ಹಿಡಿದಿಡುವ ರಬ್ಬರ್ ರಿಂಗ್ ಇರುವಂಥದ್ದು) ಲಾಕಿಗೆ ನಾಲ್ಕು ರಿಂಗ್, ಒಂದು ಬಿಟ್ಟರೂ ಆ ಲಿಂಕ್ ಒಣಗಿ ಬೇಗ ಸವೆಯುತ್ತದೆ. ಪ್ಲೇಟನ್ನು ಹೆಚ್ಚು ಒತ್ತಿದ್ದರೆ ಲಾಕಿನ ಜಾಗದಲ್ಲಿ ಚೈನ್ ಬಗ್ಗುವುದಿಲ್ಲ. ಚಕ್ರ ನಿಧಾನ ತಿರುಗಿಸಿ, ಸ್ಪ್ರಾಕೆಟ್ ಬಿಟ್ಟು ಹೊರಬಂದ ಮೇಲೂ ಆ ಲಿಂಕ್ ಮಡಚಿಯೇ ಇರುತ್ತದೆ.

ಖರ್ಚು ಉಳಿಸಲು ಚೈನ್ ಮಾತ್ರ ಬದಲಿಸಿ ಹಳೆ ಸ್ಪ್ರಾಕೆಟ್ ಉಳಿಸುವವರಿಗೆ: ಹಲ್ಲು ಗಾಳದ ಹಾಗೆ ಬಾಗಿದ್ದರೆ ಹೊಸ ಚೈನನ್ನೂ ಅದೇ ತಿನ್ನುತ್ತದೆ. ಚೈನ್, ಎರಡು ಸ್ಪ್ರಾಕೆಟ್ ಸೇರಿದ ಕಿಟ್ ಪೂರ್ತಿ ಹಾಕಿಸಿ.

ನಮ್ಮ ಕಡೆ ಬೇಸಗೆಗೆ ಮುರಕಲ್ಲಿನ ಕೆಂಪು ಧೂಳು, ಕಡಲ ಬದಿಯಲ್ಲಿ ಹೊಯಿಗೆ ಮತ್ತು ಉಪ್ಪುಗಾಳಿ, ಜೂನಿನಿಂದ ಮಳೆ. ಗ್ರೀಸ್ ಮೆತ್ತಬೇಡಿ, ಧೂಳು ಸೇರಿ ಅದೇ ಅರದ ಕೆಲಸ ಮಾಡುತ್ತದೆ. ಸೀಮೆಎಣ್ಣೆ, ಮೆತ್ತನೆ ಬ್ರಶ್ ಸಾಕು. ಓ ರಿಂಗ್ ಚೈನಿಗೆ ಪೆಟ್ರೋಲೂ ಬೇಡ, ತಂತಿ ಬ್ರಶ್ಶೂ ಬೇಡ. ಒಣಗಿದ ಮೇಲೆ 90ರ ಗೇರ್ ಆಯಿಲ್, ಕೆಳಗಿನ ಚೈನಿನ ಒಳಬದಿಗೆ, ಚಕ್ರ ತಿರುಗಿಸುತ್ತಾ. ಮಳೆಗಾಲದಲ್ಲಿ ಒದ್ದೆಯಾದ ಸವಾರಿಯ ನಂತರವೆಲ್ಲ ಹಾಕಿ. ಸುಮಾರು 500 ಕಿಲೋಮೀಟರಿಗೊಮ್ಮೆ ಪ್ಲೇ ಅಳೆಯಿರಿ, ಹೊಸ ಚೈನ್ ಮೊದಮೊದಲು ಬೇಗ ಸಡಿಲಾಗುತ್ತದೆ. ಹೆಚ್ಚಾದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿಬಿಡಿ, ಇಲ್ಲದಿದ್ದರೆ ಟೈರಿಗೆ ಹಾರುತ್ತದೆ.